ಕಾಲಿಗೆ ನೀರು

ನಮ್ಮ ನಾಡಿನ ಮನೆಗಳಲ್ಲಿ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವ ವಾಡಿಕೆಯುಂಟು. ಕಿರಿಯರು ಹಿರಿಯರಿಗೆ, ಮನೆಯವರು ಅತಿಥಿಗಳಿಗೆ, ಶಿಷ್ಯರು ಗುರುಗಳಿಗೆ ಈ ಉಪಚಾರವನ್ನು ಮಾಡುವರು. ಗುರುವೇ ಎದ್ದು ಶಿಷ್ಯರ ಕಾಲನ್ನು ತೊಳೆದನೆಂದರೆ ಕೇಳಿದವರು ಬೆರಗಾಗದಿರಲಾರರು. ಯೋಹಾನನು ಬರೆದ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಇಂಥದೇ ಸಂಗತಿಯಿದೆ. ಮರಣದ ಹಿಂದಿನ ರಾತ್ರಿ ಕ್ರಿಸ್ತನು ಊಟದ ನಡುವೆ ಎದ್ದು, ಮೇಲುಡುಗೆಯನ್ನು ತೆಗೆದಿಟ್ಟು, ಒರಸುವ ವಸ್ತ್ರವನ್ನು ನಡುವಿಗೆ ಸುತ್ತಿಕೊಂಡು ಶಿಷ್ಯರ ಪಾದಗಳನ್ನು ತೊಳೆದನು. ಪೇತ್ರನು ಇದು ತಕ್ಕದ್ದಲ್ಲವೆಂದು ಹಿಂಜರಿದನು. ಗುರುವನ್ನು ಹಿಡಿದುಕೊಡಲಿದ್ದ ಯೂದನೂ ಆ ಪಂಕ್ತಿಯಲ್ಲಿದ್ದನು. ಅವನು ಎದ್ದು ಹೊರಗೆ ಹೋದದ್ದು ಆಮೇಲೆ.

ಈ ಅಧ್ಯಾಯವನ್ನು ನಾವು ಬಾಲ್ಯದಿಂದಲೂ ಬಲ್ಲೆವು. ಶುಭ ಶುಕ್ರವಾರದ ಹಿಂದಿನ ಸಂಜೆ ವರ್ಷವರ್ಷವೂ ಕೇಳಿದ್ದೇವೆ. ರವಿವಾರದ ಶಾಲೆಯ ಮಕ್ಕಳಿಗೆ ಹೇಳಿಕೊಟ್ಟದ್ದೂ ಉಂಟು. ಆದರೆ ಅದರ ಅರ್ಥವನ್ನು ನಮಗೆ ತಿಳಿಸಿದವರು ನಮ್ಮ ದೇವಾಲಯದ ಗಂಟೆ ಬಾರಿಸುವ ಒಬ್ಬ ವೃದ್ಧರು. ಆ ಸಂಗತಿಯನ್ನು ವಾಚಕರ ಮುಂದಿಡಲು ನಮಗೆ ನಾಚಿಕೆಯಾಗುವುದಾದರೂ ಹೇಳಿಬಿಡುವುದೇ ಲೇಸು.

ಆ ವರ್ಷ ಸಭೆಯವರು ನಮ್ಮನ್ನು ಸಭಾಹಿರಿಯರಲ್ಲೊಬ್ಬರನ್ನಾಗಿ ಆರಿಸಿದ್ದರು. ಲೆಕ್ಕ ಬರೆಯುವುದು, ಆರಾಧನೆಯ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನಮ್ಮ ಪಾಲಿಗೆ ಬಂತು. ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯಬೇಕೆಂಬ ಹಟ ನಮ್ಮದು. ಒಂದು ರವಿವಾರ ಗಂಟೆ ಕಾಲು ತಾಸು ತಡವಾಗಿ ಬಾರಿಸಿತು. ಆರಾಧನೆ ಮುಗಿದೊಡನೆ ನಾವು ಬಾಗಿಲಲ್ಲೇ ನಿಂತು, ಜನರೆಲ್ಲರೂ ಕೇಳುವಂತೆ, “ನಿನಗೆ ಈ ಕೆಲಸ ಆಗದಿದ್ದರೆ ಬಿಟ್ಟುಬಿಡು” ಎಂದೆವು. ವಯಸ್ಸಿನಲ್ಲಿ ನಮ್ಮ ತಂದೆಗೆ ಸಮಾನರಾದ ಅವರನ್ನು ಆ ತನಕ ‘ನೀವು’ ಎಂದೇ ಕರೆಯುತ್ತಿದ್ದ ನಾಲಗೆ ಅಂದು ‘ನೀನು’ ಎಂದಿತು. ಅವರು ಒಂದು ಮಾತನ್ನೂ ಆಡಲಿಲ್ಲ. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಮುಂದಿನ ವಾರ ಗಂಟೆಯನ್ನು ಬೇರೊಬ್ಬ ಹುಡುಗನು ಹೊತ್ತಿಗೆ ಸರಿಯಾಗಿ ಬಾರಿಸಿದನು. ವೃದ್ಧರು ಕೂಡುತ್ತಿದ್ದ ಸ್ಥಳ ಮಾತ್ರ ಬರಿದಾಗಿತ್ತು. ಅದರ ಮುಂದಿನ ವಾರವೂ ಹಾಗೆಯೇ. ಊಟಕ್ಕೆ ಕುಳಿತಾಗ ನಮ್ಮ ಮನೆಯವರು, “ಗಂಟೆಯನ್ನೇನೋ ಸರಿಪಡಿಸಿದಿರಿ, ಗಂಟೆ ಯಾರನ್ನು ಕರೆಯಬೇಕೋ ಅವರನ್ನೇ ಕಳೆದಿರಿ” ಎಂದರು. ನಮಗೆ ತುತ್ತು ಇಳಿಯಲಿಲ್ಲ. ಆದರೂ, ಶಿಸ್ತು ಬೇಡವೇ? ತಪ್ಪನ್ನು ತಪ್ಪೆನ್ನಬಾರದೇ? ಎಂದು ಮನಸ್ಸು ವಾದಿಸುತ್ತಲೇ ಇತ್ತು.

ಆ ವಾರ ಮಕ್ಕಳ ಪಾಠಕ್ಕಾಗಿ ಪೌಲನು ಫಿಲೆಮೋನನಿಗೆ ಬರೆದ ಪತ್ರವನ್ನು ತೆರೆದೆವು. ಇಡೀ ಪತ್ರ 25 ವಚನಗಳಷ್ಟೇ. ಒನೇಸಿಮನೆಂಬ ದಾಸನು ಯಜಮಾನನಾದ ಫಿಲೆಮೋನನಿಂದ ಅಗಲಿ, ಸೆರೆಯಲ್ಲಿದ್ದ ಪೌಲನ ಬಳಿ ಸೇರಿ ಕ್ರೈಸ್ತನಾಗಿದ್ದನು. ಅವನನ್ನು ಹಿಂದಕ್ಕೆ ಕಳುಹಿಸುವಾಗ ಬರೆದ ಪತ್ರವಿದು. ಆಜ್ಞಾಪಿಸುವ ಅಧಿಕಾರ ತನಗುಂಟೆಂದು ಪೌಲನು ಬಲ್ಲನು. ಆದರೂ ಪ್ರೀತಿಯ ನಿಮಿತ್ತ ಬೇಡಿಕೊಳ್ಳುವುದೇ ತನಗೆ ಮೇಲೆಂದು ಬರೆಯುತ್ತಾನೆ. ದಾಸನೆಂದಲ್ಲ, ಸಹೋದರನೆಂದು ಅವನನ್ನು ಸೇರಿಸಿಕೊಳ್ಳೆನ್ನುತ್ತಾನೆ. ಅವನಿಂದ ನಷ್ಟವೇನಾದರೂ ಆಗಿದ್ದರೆ ಅದನ್ನು ತನ್ನ ಲೆಕ್ಕಕ್ಕೆ ಬರೆದುಕೋ, ತಾನೇ ತೀರಿಸುವೆನೆಂದು ಸ್ವಹಸ್ತದಿಂದ ಬರೆದುಕೊಡುತ್ತಾನೆ. ಪೌಲನು ಸಾಲವನ್ನು ಇಲ್ಲವೆನ್ನಲಿಲ್ಲ; ಅದನ್ನು ತಾನು ಹೊತ್ತನು. ಸಭೆಯ ಲೆಕ್ಕವನ್ನು ಬರೆಯುತ್ತಿದ್ದ ನಾವು ಇನ್ನೊಬ್ಬರ ಕೊರತೆಯನ್ನು ನಮ್ಮ ಲೆಕ್ಕಕ್ಕೆ ಎಂದಾದರೂ ಬರೆದುಕೊಂಡಿದ್ದೆವೇ? ಅಂದು ಗಂಟೆ ಏಕೆ ತಡವಾಯಿತೆಂದು ಕೇಳುವಷ್ಟು ಸಹನೆಯೂ ನಮಗಿರಲಿಲ್ಲ.

ಮರುದಿನ ಸಂಜೆ ಅವರ ಮನೆಗೆ ಹೋದೆವು. ಊರ ಕೊನೆಯ ಕೇರಿ. ದಾರಿಯ ಧೂಳು ಮೊಣಕಾಲವರೆಗೆ ಹತ್ತಿತ್ತು. ನಮ್ಮನ್ನು ಕಂಡೊಡನೆ ಅವರು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು, “ಬನ್ನಿರಿ ಅಯ್ಯನವರೇ, ಕಾಲಿಗೆ ನೀರು ತೆಗೆದುಕೊಳ್ಳಿರಿ” ಎಂದರು. ತಂಬಿಗೆಯನ್ನು ಹಿಡಿದ ಆ ಕೈ ನಡುಗುತ್ತಿತ್ತು. ಒಳಗೆ ಚಾಪೆಯ ಮೇಲೆ ಅವರ ಹೆಂಡತಿ ಮಲಗಿದ್ದರು. ಅರ್ಧಾಂಗವಾಯುವಾಗಿ ಆರು ತಿಂಗಳಾಗಿತ್ತಂತೆ. ಅವರಿಗೆ ಮುಖ ತೊಳೆಸಿ, ಗಂಜಿ ಕುಡಿಸಿಯೇ ಇವರು ಗಂಟೆಗೆ ಬರಬೇಕಾಗಿತ್ತು. ಇಷ್ಟನ್ನು ನಮ್ಮ ಸಭೆಯಲ್ಲಿ ಯಾರೂ ಅರಿತಿರಲಿಲ್ಲ. ಅರಿಯಬೇಕಾದವರು ನಾವೇ ಆಗಿದ್ದೆವು.

ತಪ್ಪಾಯಿತೆಂದು ಕೈಮುಗಿದೆವು. “ಬಿಡಿರಿ ಅಯ್ಯನವರೇ, ಹಿರಿಯರು ಮನೆಯತನಕ ಬಂದಿರಲ್ಲ” ಎಂದು ಅವರು ಸುಮ್ಮನಾದರು. ಅಲ್ಲಿಗೇ ಮುಗಿಸಿಬಿಡಬಹುದಿತ್ತು, ಮನಸ್ಸೂ ಅದನ್ನೇ ಬಯಸಿತು. ಆದರೆ ನೂರು ಜನರೆದುರು ಆಡಿದ ಮಾತಿಗೆ ಮೂಲೆಯಲ್ಲಿ ಕ್ಷಮೆ ಕೇಳಿದರೆ ತೂಕ ಸರಿಹೋದೀತೇ? ಎರಡು ರವಿವಾರ ನಾವು ಧೈರ್ಯ ಸಾಲದೆ ಕಳೆದೆವೆಂಬುದನ್ನೂ ಮುಚ್ಚಿಡಕೂಡದು. ಮೂರನೆಯ ರವಿವಾರ ಆರಾಧನೆಯ ಕೊನೆಗೆ ಎದ್ದುನಿಂತು, ನಮ್ಮ ಮಾತು ತಪ್ಪೆಂದು ಸಭೆಯೆದುರಿಗೆ ಒಪ್ಪಿಕೊಂಡೆವು. ವೃದ್ಧರು ತಮ್ಮ ಸ್ಥಳದಲ್ಲಿ ತಲೆತಗ್ಗಿಸಿ ಕುಳಿತಿದ್ದರು. ಆಮೇಲೆ ಗಂಟೆಗೆ ಒಬ್ಬ ಯುವಕನನ್ನು ಜೊತೆಗೊಡಿಸಲಾಯಿತು. ರವಿವಾರ ಬೆಳಿಗ್ಗೆ ರೋಗಿಯ ಬಳಿ ಕೂಡ್ರಲು ಸ್ತ್ರೀಯರು ಸರದಿ ಮಾಡಿಕೊಂಡರು. ಗಂಟೆ ಈಗ ಹೊತ್ತಿಗೆ ಸರಿಯಾಗಿ ಬಾರಿಸುತ್ತದೆ. ನಮ್ರತೆಯಿಂದ ಶಿಸ್ತು ಕೆಡುವುದೆಂಬ ನಮ್ಮ ಭಯ ಹುರುಳಿಲ್ಲದ್ದಾಗಿತ್ತು.

590ರಲ್ಲಿ ರೋಮಾಪುರದ ಬಿಷಪರಾದ ಗ್ರೆಗೊರಿಯವರು ತಮ್ಮನ್ನು ದೇವರ ಸೇವಕರ ಸೇವಕನೆಂದು ಕರೆದುಕೊಂಡರು. ಅವರ ಪೀಠಕ್ಕೆ ಬಂದವರಿಗೆ ಇಂದಿಗೂ ಆ ಬಿರುದುಂಟು. ಬಿರುದನ್ನು ಹೊರುವುದು ಸುಲಭ, ತಂಬಿಗೆಯನ್ನು ಹೊರುವುದು ಕಷ್ಟ. ಇದು ದೇವಾಲಯದ ಹಿರಿಯರಿಗಷ್ಟೇ ಹೇಳಿದ ಮಾತೂ ಅಲ್ಲ. ಮನೆಯ ಯಜಮಾನನಿಗೆ ಮಕ್ಕಳುಂಟು, ಅತ್ತೆಗೆ ಸೊಸೆಯುಂಟು, ಉಪಾಧ್ಯಾಯನಿಗೆ ಹುಡುಗರುಂಟು. ನಡೆಸುವವನು ತನ್ನ ಹಿಂದೆ ಬರುವವರ ಕಾಲಿಗೆ ಎಂಥ ಧೂಳು ಹತ್ತಿದೆಯೆಂದು ಬಗ್ಗಿ ನೋಡಿದ ಹೊರತು ಅದು ಕಾಣದು.

ಈಗ ನಮ್ಮ ಮನೆಗೆ ಯಾರೇ ಬರಲಿ, ನೀರು ತರಲು ಮಕ್ಕಳನ್ನು ಕೂಗುವುದಿಲ್ಲ. ನಾವೇ ಏಳುತ್ತೇವೆ.