ಹದವರಿತ ಕಾಯಕ

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರವ್ಯಾಧಿಗೆ ತುತ್ತಾದ ಶ್ರೀಮಠದ ಹಳೆಯ ವಿದ್ಯಾರ್ಥಿಯೊಬ್ಬರಿಗೆ “ದಣಿಯದೆ ವಿಶ್ರಮಿಸಿರಿ” ಎಂದು ನಾವು ಹಿಂದೊಮ್ಮೆ ಹೇಳಿದ್ದೆವು. ಆ ಮಾತನ್ನು ನಂಬಿ ಕುಳಿತ ಅವರ ಕಾಲಿನ ಬಲ ಇನ್ನಷ್ಟು ಕುಗ್ಗಿತು.

ಈ ವ್ಯಾಧಿಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ನರತಂತುಗಳ ಹೊದಿಕೆಯನ್ನು ಕೆಡಿಸುತ್ತದೆ. ದಣಿದಾಗ ರೋಗಿಯ ದೃಷ್ಟಿ ಮಂಜಾಗುವುದನ್ನು ಜರ್ಮನಿಯ ನೇತ್ರವೈದ್ಯ ಊಟ್‌ಹಾಫ್ 1890ರಲ್ಲಿ ದಾಖಲಿಸಿದರು. ಆ ಅಂಜಿಕೆಯಿಂದ ವೈದ್ಯರೂ ಬಹುಕಾಲ ವ್ಯಾಯಾಮ ಬೇಡವೆಂದರು. ಆದರೆ ಏರಿದ ಮೈಬಿಸಿ ತಣಿದರೆ ಆ ಮಂಜು ಸಾಮಾನ್ಯವಾಗಿ ಕರಗುತ್ತದೆ. 15 ವಾರಗಳ ವ್ಯಾಯಾಮದಿಂದ ರೋಗಿಗಳ ಬಲ ಹೆಚ್ಚಿದುದನ್ನು 1996ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಆದುದರಿಂದ ವೈದ್ಯರ ಸಲಹೆಯಂತೆ, ತಂಪು ಹೊತ್ತಿನಲ್ಲಿ ಮಿತವಾಗಿ ನಡೆಯಿರಿ. ರಕ್ತಪರೀಕ್ಷೆಯಲ್ಲಿ ವಿಟಮಿನ್ ‘ಡಿ’ ಕೊರತೆ ಕಂಡರೆ ಗುಳಿಗೆ ಸೇವಿಸಿರಿ; ಅತಿಯಾದರೆ ಮೂತ್ರಪಿಂಡಕ್ಕೆ ಹಾನಿ. ಅದು ಮೂಲ ಔಷಧಿಗೆ ಬದಲಲ್ಲ.

ಉಳಿದ ಶಕ್ತಿಯನ್ನು ಹದವರಿತು ಬಳಸುವುದೂ ಕಾಯಕವೇ. ಅದನ್ನು ಆ ಶಿಷ್ಯರೇ ಇಂದು ಮಠದ ಅಂಗಳದಲ್ಲಿ ನಡೆಯುತ್ತ ನಮಗೆ ಕಲಿಸುತ್ತಿದ್ದಾರೆ.