ಸಂಧಿ ಮತ್ತು ಸಂದಿ

ಕಳೆದ ವಾರ ಅಮ್ಮನ್ನ ಮೂಳೆ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ. ಎರಡು ವರ್ಷದಿಂದ ಫೋನಲ್ಲಿ "ಮಂಡಿ ಸ್ವಲ್ಪ ಹಿಡ್ಕೊಳ್ಳತ್ತೆ ಕಣೋ, ಅಷ್ಟೇ" ಅಂತಿದ್ಲು. ನಾನೂ "ಎಣ್ಣೆ ಹಚ್ಕೋಮ್ಮ" ಅಂದು ಮೀಟಿಂಗಿಗೆ ಓಡ್ತಿದ್ದೆ. ಡಾಕ್ಟರು ಎಕ್ಸ್‌-ರೇ ಬೆಳಕಿಗೆ ಹಿಡಿದು, "ಸಂಧಿವಾತ. ಇಲ್ನೋಡಿ, ಎರಡು ಮೂಳೆ ಮಧ್ಯೆ ಸಂದಿ ಇರ್ಬೇಕಿತ್ತು, ಹೆಚ್ಚುಕಮ್ಮಿ ಹೋಗೇಬಿಟ್ಟಿದೆ" ಅಂದ್ರು.

ಸಂಧಿಯಲ್ಲಿ ಸಂದಿ ಇಲ್ಲ! ವಾಪಸ್ ಬರೋವಾಗ ಆಟೋದಲ್ಲಿ ತಲೆ ತುಂಬ ಇದೇ.

ಸಂಸ್ಕೃತದ 'ಸಂಧಿ' ಅಂದ್ರೆ ಕೂಡೋದು. ಕಾದಾಡಿದ ರಾಜರು ಮಾಡ್ಕೊಳ್ಳೋದು ಸಂಧಿ. ಗದುಗಿನ ಭಾರತದ ಒಂದೊಂದು ಅಧ್ಯಾಯವೂ ಸಂಧಿ. ಅದರ ತದ್ಭವ 'ಸಂದಿ' ಮಾತ್ರ ನಮ್ಮ ಬಾಯಲ್ಲಿ ನಡುವಿನ ಜಾಗ ಆಗಿದೆ. ಬಾಗಿಲ ಸಂದಿ, ಹಲ್ಲಿನ ಸಂದಿ, ಬೀದಿಯ ಸಂದಿಗೊಂದಿ. ಯೋಚಿಸಿದ್ರೆ ಸರಿಯೇ ಅನ್ಸತ್ತೆ, ಎರಡು ಸೇರೋ ಕಡೆಯೇ ಅಲ್ವಾ ಸಂದಿ ಇರೋದು? ಮಂಡಿಯ ಸಂದಿಯಂತೂ ನಿಜಕ್ಕೂ ಖಾಲಿ ಅಲ್ಲ. ಅಲ್ಲಿರೋದು ಮೃದ್ವಸ್ಥಿ. ಎಕ್ಸ್‌-ರೇಯಲ್ಲಿ ಅದು ಕಾಣಲ್ಲ, ಅದಕ್ಕೇ ಖಾಲಿ ಜಾಗದ ಥರ ಕಾಣತ್ತೆ. ಅದು ಸವೆದಷ್ಟೂ ಮೂಳೆಗೆ ಮೂಳೆ ಹತ್ತಿರ ಬರತ್ತೆ, ನೋವು ಶುರು.

ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ದು ನೆನಪಿದ್ಯಾ? ಲೋಪ, ಆಗಮ, ಆದೇಶ. ಊರು, ಅಲ್ಲಿ ಸೇರಿ 'ಊರಲ್ಲಿ' ಆಗೋವಾಗ ಒಂದು ಸ್ವರ ಹೋಗತ್ತೆ. ಮನೆ, ಅನ್ನು ಸೇರಿ 'ಮನೆಯನ್ನು' ಆಗೋವಾಗ ಒಂದು 'ಯ' ಬರತ್ತೆ. ಮಳೆ, ಕಾಲ ಸೇರಿದ್ರೆ 'ಕ' ಹೋಗಿ 'ಗ' ಬಂದು 'ಮಳೆಗಾಲ'. ಅಂದ್ರೆ ಸೇರ್ಬೇಕಾದ್ರೆ ಬಿಡೋದೋ, ತರೋದೋ, ಬದಲಾಗೋದೋ, ಏನಾದ್ರೂ ಒಂದು ಆಗ್ಲೇಬೇಕು.

ಇದರ ಜೊತೆಗೇ ಪ್ರಕೃತಿಭಾವ ಅಂತ ಇನ್ನೊಂದಿತ್ತು. ಕರೆಯುವಾಗ ಎಳೆದ ಸ್ವರಕ್ಕೆ ಮುಂದಿನ ಸ್ವರ ಸೇರಲ್ಲ. "ಅಮ್ಮಾ, ಇಲ್ಲಿ ನೋಡು" ಅಂದ್ರೆ ಎರಡೂ ಪದ ಇದ್ದ ಹಾಗೇ ಇರತ್ತೆ, ಸಂಧಿ ಆಗಲ್ಲ. ಎರಡು ವರ್ಷ ನಾನು ಫೋನಲ್ಲಿ ಮಾಡಿದ್ದೂ ಅದನ್ನೇ. ಕರೆದಿದ್ದಷ್ಟೇ. ನಾನೇನೂ ಬಿಟ್ಟಿಲ್ಲ, ತಂದಿಲ್ಲ, ಬದಲಾಗಿಲ್ಲ.

ಸವೆದ ಮೃದ್ವಸ್ಥಿ ವಾಪಸ್ ಬರಲ್ವಂತೆ. ವ್ಯಾಯಾಮ ಮಾಡಿದ್ರೆ ನೋವು ಕಮ್ಮಿ ಆಗತ್ತಂತೆ. ಕುರ್ಚಿ ಮೇಲೆ ಕೂತು ಕಾಲು ನೀಟಿ, ಹತ್ತು ಎಣಿಸಿ, ಇಳಿಸೋದು. ಇನ್ಮೇಲೆ ಎರಡು ವಾರಕ್ಕೊಮ್ಮೆ ಊರಿಗೆ ಬರ್ತೀನಿ ಅಂದ್ರೆ "ಸುಮ್ನೆ ಬಸ್ ಚಾರ್ಜ್ ದಂಡ" ಅಂತಾಳೆ. ಆದ್ರೆ ಎಣಿಸೋಕೆ ಯಾರಾದ್ರೂ ಬೇಕೇ ಬೇಕು. ಈಯಮ್ಮ ಏಳಕ್ಕೇ "ಹತ್ತಾಯ್ತು" ಅಂತ ಕಾಲು ಇಳಿಸ್ತಾಳೆ :-)