ಕಾರ್ಬನ್ ಬದಲಾಯಿಸಿದ ಕಥೆ

ಇಲ್ಲಿ ಏನಾದರೂ ಬರೆದು ಸುಮಾರು ದಿನಗಳಾಗಿತ್ತು. ಆಫೀಸು, ರಿಲೀಸು, ಡೆಡ್‌ಲೈನು ಅಂತ ನೆವ ಹೇಳಬಹುದು. ನಿಜ ಹೇಳಬೇಕೆಂದರೆ ಈ ಕಥೆ ಬರೆಯೋಕೆ ಸ್ವಲ್ಪ ನಾಚಿಕೆಯಾಗ್ತಿತ್ತು.

ತಿಪಟೂರಿನ ಹತ್ತಿರ ನಮ್ಮ ಚಿಕ್ಕಪ್ಪನದ್ದೊಂದು ವಾಟರ್ ಸರ್ವಿಸ್ ಇದೆ. ಕಾರು ತೊಳೆಯೋದರ ಜೊತೆಗೆ ಪಾಲಿಶ್ ಕೂಡ ಮಾಡ್ತಾರೆ. ಆಯುಧಪೂಜೆಯ ಹಿಂದಿನ ವಾರ ಅವರಿಗೆ ಉಸಿರಾಡೋಕೂ ಪುರುಸೊತ್ತಿರಲ್ಲ. ಕಳೆದ ವರ್ಷ ಸರಿಯಾಗಿ ಅದೇ ವಾರ ಪಾಲಿಶಿಂಗ್ ಮಷೀನು ಕೈಕೊಟ್ಟಿತು. ಗಾಳಿಕಿಂಡಿಯಲ್ಲಿ ಕಿಡಿ ಕಾಣಿಸ್ತಿತ್ತಂತೆ, ಆಮೇಲೆ ಬಿಟ್ಟು ಬಿಟ್ಟು ತಿರುಗಿ ನಿಂತೇ ಹೋಯಿತಂತೆ. "ಆರ್ಮೇಚರ್ ಸುಟ್ಟಿರಬೇಕು ಕಣೋ, ಹೊಸದೇ ತಗೋಬೇಕೇನೋ" ಅಂದರು ಫೋನಿನಲ್ಲಿ.

"ನೀವು ಸುಮ್ನಿರಿ ಚಿಕ್ಕಪ್ಪ, ಶನಿವಾರ ನಾನೇ ಬಂದು ನೋಡ್ತೀನಿ" ಅಂದೆ. ಇಂಜಿನಿಯರ್ ಅಲ್ಲವೇ ನಾನು!

ಮಷೀನಿನ ಎರಡೂ ಬದಿಗೆ ಇರೋ ಕಪ್ಪು ಮುಚ್ಚಳ ಬಿಚ್ಚಿದೆ. ಸ್ಪ್ರಿಂಗಿನ ಜೊತೆ ಕಾರ್ಬನ್ ಹೊರಗೆ ಬಂತು. ಒಂದು ನಾಲ್ಕು ಮಿಲಿಮೀಟರಿನಷ್ಟೂ ಉಳಿದಿರಲಿಲ್ಲ. ಆರ್ಮೇಚರಿನ ತಾಮ್ರದ ಪಟ್ಟಿಗಳಿಗೆ ಒತ್ತಿಕೊಂಡು ಕರೆಂಟು ಕೊಡೋದು ಈ ಕಾರ್ಬನ್ನೇ. ಸವೆದು ಗಿಡ್ಡವಾದಾಗ ಸ್ಪ್ರಿಂಗಿನ ಒತ್ತಡ ಸಾಲಲ್ಲ, ಕಿಡಿ ಹಾರುತ್ತೆ, ಕೊನೆಗೆ ಮಷೀನು ನಿಲ್ಲುತ್ತೆ. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಕ್ಕ ಜೋಡಿ ಒಂಚೂರು ದಪ್ಪ ಇತ್ತು. ಗಾಜಿನ ಮೇಲೆ ಸ್ಯಾಂಡ್ ಪೇಪರ್ ಹಾಸಿ, ಹೋಲ್ಡರಿನಲ್ಲಿ ಸರಾಗವಾಗಿ ಜಾರುವಷ್ಟು ಉಜ್ಜಿದೆ. ಒಂದೇ ಸವೆದಿದ್ದರೂ ಎರಡನ್ನೂ ಬದಲಾಯಿಸಬೇಕು ಅನ್ನೋದು ಗೊತ್ತಿತ್ತು. ಹಾಕಿ, ಲೋಡ್ ಇಲ್ಲದೆ ಐದು ನಿಮಿಷ ಓಡಿಸಿದೆ. ಕಿಡಿ ಕಡಿಮೆಯಾಯಿತು. ಚಿಕ್ಕಪ್ಪನ ಮುಖ ನೋಡಬೇಕಿತ್ತು ನೀವು! "ನಮ್ಮ ಹುಡುಗ ರಿಪೇರಿ ಮಾಡ್ದ" ಅಂತ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒರೆಸೋಕೆ ಅಂತ ಪ್ಯಾಡ್ ಕೂರುವ ಪ್ಲೇಟನ್ನೂ ಬಿಚ್ಚಿದ್ದೆ. ಸ್ಪಿಂಡಲ್ ಲಾಕ್ ಒತ್ತಿ ವಾಪಸ್ ತಿರುಗಿಸಿದಾಗ ಅದು ಒಂದು ಸುತ್ತು ಮೊದಲೇ ಬಿಗಿಯಾಯಿತು. ಪೂರ್ತಿ ಕೂತಿದೆ ಅಂದುಕೊಂಡೆ. ಥ್ರೆಡ್ಡಿನಲ್ಲಿ ಹಳೇ ಕಾಂಪೌಂಡ್ ಒಣಗಿ ಕಲ್ಲಾಗಿತ್ತು, ನಾನು ನೋಡಲೇ ಇಲ್ಲ. ಫೋಮ್ ಪ್ಯಾಡನ್ನೂ ಅವಸರದಲ್ಲಿ ವೆಲ್ಕ್ರೋ ಮೇಲೆ ಅಡ್ಡಾದಿಡ್ಡಿ ಅಂಟಿಸಿದೆ.

"ಮೊದಲನೇ ಕಾರು ನಾನೇ ಮಾಡ್ತೀನಿ" ಅಂದೆ. ಅದು ರಿಟೈರ್ ಆದ ಮೇಷ್ಟ್ರೊಬ್ಬರ ಕಾರು. ಮಷೀನು ಕೈಯಲ್ಲಿ ಅದುರುತ್ತಿತ್ತು. ಅದುರದಿರಲಿ ಅಂತ ಇನ್ನಷ್ಟು ಒತ್ತಿ ಹಿಡಿದೆ. ಬಾನೆಟ್ಟಿನ ಏಣಿನ ಮೇಲೆ ಒಂದು ಕ್ಷಣ ಹೆಚ್ಚು ನಿಂತೆ, ಅಷ್ಟೇ. ಒರೆಸಿ ನೋಡಿದರೆ ಹೆಬ್ಬೆರಳಿನಷ್ಟು ಜಾಗ ಮಂಕಾಗಿದೆ. ಮತ್ತೆ ಒರೆಸಿದೆ. ಹೋಗಲಿಲ್ಲ. ಬಣ್ಣದ ಮೇಲಿನ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಏಣುಗಳಲ್ಲಿ ಇನ್ನೂ ತೆಳು. ಅದನ್ನು ನಾನು ಸುಟ್ಟು ತೆಗೆದಿದ್ದೆ.

ಸಂಜೆ ಮೇಷ್ಟ್ರು ಬಂದರು. ನಾನು ಬಾಯಿ ತೆಗೆಯೋ ಮೊದಲೇ ಚಿಕ್ಕಪ್ಪ ಮುಂದೆ ಹೋಗಿ, "ಸಾರ್, ನನ್ನ ಕೈ ತಪ್ಪಿತು. ಹಬ್ಬ ಮುಗಿದ ಮೇಲೆ ಬಾನೆಟ್ ಪೇಂಟ್ ಮಾಡಿಸಿಕೊಡ್ತೀನಿ, ನೀವು ಒಂದು ರೂಪಾಯಿ ಕೊಡಬೇಡಿ" ಅಂದರು. ಮೇಷ್ಟ್ರು ಒಮ್ಮೆ ನನ್ನ ಕಡೆ ನೋಡಿ, ಏನೂ ಹೇಳದೆ ಹೊರಟರು. ನಾನೂ ಏನೂ ಹೇಳಲಿಲ್ಲ. ಇವತ್ತಿಗೂ ಚುಚ್ಚೋದು ಬಾನೆಟ್ಟಲ್ಲ, ಆ ನನ್ನ ಮೌನ.

ರಾತ್ರಿ ದುಡ್ಡು ಕೊಡೋಕೆ ಹೋದೆ, ತಗೊಳ್ಳಲಿಲ್ಲ. "ಬೆಳಿಗ್ಗೆ ಬೇಗ ಬಾ" ಅಂದರು ಅಷ್ಟೇ. ಹೋದರೆ ಪ್ಲಗ್ ಕಿತ್ತಿಟ್ಟು, ಹಳೇ ಟೂತ್ ಬ್ರಷ್ಷು, ಒಂಚೂರು ಸೀಮೆಎಣ್ಣೆ ಕೈಗೆ ಕೊಟ್ಟರು. ಥ್ರೆಡ್ ಉಜ್ಜಿ ಒರೆಸಿದೆ. "ಈಗ ಪ್ಲೇಟನ್ನ ಮೊದಲು ಉಲ್ಟಾ ತಿರುಗಿಸು. ಟಕ್ ಅಂತ ಒಂದು ಸಲ ಇಳಿಯುತ್ತೆ, ಆಮೇಲೆ ಬಿಗಿ ಮಾಡು. ಸ್ಪ್ಯಾನರ್ ಬೇಡ, ಕೈಯಲ್ಲೇ. ಕೈಗೆ ಗೊತ್ತಾಗುತ್ತೆ." ಹಾಗೇ ಮಾಡಿದೆ. ಟಕ್ ಅಂತು. ಪ್ಲೇಟು ಕೊನೇವರೆಗೂ ಸಲೀಸಾಗಿ ಹೋಗಿ ಕೂತಿತು. ಪ್ಯಾಡಿನ ಅಂಚು ಸುತ್ತಲೂ ಸಮ ಇದೆಯಾ ಅಂತ ಬೆರಳಿಟ್ಟು ನೋಡೋದು, ಏಣುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚೋದು, ಸಂಜೆ ಗಾಳಿ ಹೊಡೆದು ಧೂಳು ತೆಗೆಯೋದು, ಪ್ಯಾಡ್ ತೊಳೆದು ನೆರಳಲ್ಲಿ ಒಣಗಿಸೋದು.. ಎಲ್ಲಾ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಕಾರ್ಬನ್ ಒಂದೇ. ನಾನು ಅದೊಂದನ್ನೇ ನೋಡಿ, ಅವರಿಗೆ ಏನೂ ಗೊತ್ತಿಲ್ಲ ಅಂದುಕೊಂಡಿದ್ದೆ. ಆಫೀಸಿನಲ್ಲಿ ಟೆಸ್ಟ್ ಮಾಡದೆ ಒಂದು ಸಾಲು ಕೋಡನ್ನೂ ಆಚೆ ಬಿಡದವನು, ಇಲ್ಲಿ ಯಾರದೋ ಕಾರಿನ ಮೇಲೆ ಟೆಸ್ಟ್ ಮಾಡಿದ್ದೆ.

ದೀಪಾವಳಿಗೆ ಊರಿಗೆ ಹೋದಾಗ ಮೇಷ್ಟ್ರ ಮನೆಗೆ ಹೋಗಿ, ಕಾರು ಹಾಳು ಮಾಡಿದ್ದು ನಾನು ಅಂತ ಹೇಳಿ ಬಂದೆ. "ಅವತ್ತೇ ಗೊತ್ತಾಯ್ತಪ್ಪ, ನಿನ್ನ ಮುಖ ನೋಡಿದಾಗಲೇ" ಅಂದರು. ಕಾಫಿ ಕುಡಿಸಿ ಕಳಿಸಿದರು.

ಈಗ ಊರಿಗೆ ಹೋದಾಗಲೆಲ್ಲ ಕಾರ್ಬನ್ ಅಳೆಯೋದು ನನ್ನ ಕೆಲಸ. ಪ್ಲೇಟು ನಾನು ಕೂರಿಸಿದರೂ ಚಿಕ್ಕಪ್ಪ ಒಂದು ಸಲ ಕೈಯಾಡಿಸಿಯೇ ಪ್ಲಗ್ ಹಾಕೋದು. ನನಗೇನೂ ಬೇಜಾರಿಲ್ಲ :-)

ನಿಮ್ಮ ತಪ್ಪನ್ನು ಹೀಗೆ ಯಾರಾದರೂ ತಮ್ಮ ತಲೆ ಮೇಲೆ ಹಾಕಿಕೊಂಡಿದ್ದಾರಾ? ಹೇಳಿ, ಓದೋಕೆ ಕಾಯ್ತಿರ್ತೀನಿ.